ಮಕ್ಕಳನ್ನು ಯಾರ ಬಳಿ ಬಿಟ್ಟು ಬಂದಿರಿ?

ಕೆಲವು ಪ್ರಶ್ನೆಗಳು ಪ್ರಶ್ನೆಯ ರೂಪದಲ್ಲಿದ್ದರೂ ವಾಸ್ತವವಾಗಿ ತೀರ್ಪುಗಳಾಗಿರುತ್ತವೆ. "ಮಕ್ಕಳನ್ನು ಯಾರ ಬಳಿ ಬಿಟ್ಟು ಬಂದಿರಿ?" ಎಂಬುದು ಅಂಥದೊಂದು ಪ್ರಶ್ನೆ. ಚಿಕ್ಕ ಮಕ್ಕಳಿರುವ ದಂಪತಿ, ಮಕ್ಕಳನ್ನು ಅಜ್ಜಿಯ ಮಡಿಲಿಗೆ ಒಪ್ಪಿಸಿ, ಎರಡು ದಿನದ ಮಟ್ಟಿಗೆ ಚಿಕ್ಕಮಗಳೂರಿಗೋ ಮಡಿಕೇರಿಗೋ ಹೋಗಿ ಬಂದರೆಂಬ ಸುದ್ದಿ ಹಬ್ಬಿದರೆ ಸಾಕು. ಭಾನುವಾರದ ಬಲಿಪೂಜೆ ಮುಗಿದು ಅವರು ದೇವಾಲಯದ ಅಂಗಳಕ್ಕೆ ಬರುವಷ್ಟರಲ್ಲಿ ಈ ಪ್ರಶ್ನೆ ಅವರಿಗಾಗಿ ಕಾದು ನಿಂತಿರುತ್ತದೆ. ಕೇಳುವವರ ಮುಖದಲ್ಲಿ ನಗುವಿರುತ್ತದೆ, ದನಿಯಲ್ಲಿ ಕೊಂಕಿರುತ್ತದೆ. ಆ ತಾಯಿ ತಲೆ ತಗ್ಗಿಸಿ, ಮಾಡದ ತಪ್ಪಿಗೆ ಸಮಜಾಯಿಷಿ ಕೊಡಲಾರಂಭಿಸುತ್ತಾಳೆ.

ಆ ತಾಯಿ ಎಂದೆ. ಏಕೆಂದರೆ ಈ ಪ್ರಶ್ನೆಯನ್ನು ತಂದೆಗೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಗೆಳೆಯರೊಡನೆ ಗೋವಾಕ್ಕೆ ಹೋಗಿ ಬಂದವನನ್ನು, ಕ್ರಿಕೆಟ್ ಪಂದ್ಯಾವಳಿಗೆಂದು ಮೂರು ದಿನ ಊರು ಬಿಟ್ಟವನನ್ನು ಯಾರಾದರೂ ತಡೆದು ನಿಲ್ಲಿಸಿ, "ಮಕ್ಕಳು ಯಾರ ಬಳಿ ಇದ್ದರಪ್ಪಾ?" ಎಂದು ವಿಚಾರಿಸಿದ್ದನ್ನು ನೀವು ಕಂಡಿದ್ದೀರಾ? ಮಕ್ಕಳು ಹೆಂಡತಿಯ ಬಳಿ ಇರುತ್ತಾರೆಂಬುದು ಎಲ್ಲರಿಗೂ ಗೊತ್ತು. ಗಂಡನಾದವನು ಗೆಳೆಯರೊಡನೆ ಹೋದರೆ ಅದು ವಿಶ್ರಾಂತಿ. ತನ್ನ ಹೆಂಡತಿಯೊಡನೆ ಹೋದರೆ ಅದು ಬೇಜವಾಬ್ದಾರಿ! ಈ ವಿಚಿತ್ರ ತರ್ಕವನ್ನು ನಾವು ಎಷ್ಟು ಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆಂದರೆ, ಅದು ತರ್ಕವೇ ಅಲ್ಲವೆಂಬುದು ನಮಗೆ ಹೊಳೆಯುವುದೂ ಇಲ್ಲ.

ನನ್ನ ವಾದ ಇಷ್ಟೇ. ಚಿಕ್ಕ ಮಕ್ಕಳಿರುವ ಪತಿಪತ್ನಿಯರು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ, ಒಂದೆರಡು ದಿನಗಳನ್ನು ತಾವಿಬ್ಬರೇ ಆಗಿ ಮನೆಯಿಂದ ಹೊರಗೆ ಕಳೆಯುವುದು ಪಾಪವಲ್ಲ, ಷೋಕಿಯಲ್ಲ, ಮಕ್ಕಳಿಗೆ ಬಗೆಯುವ ದ್ರೋಹವೂ ಅಲ್ಲ. ಅದು ಅವರು ದೇವರ ಸನ್ನಿಧಿಯಲ್ಲಿ ಸ್ವೀಕರಿಸಿದ ವಿವಾಹ ಸಂಸ್ಕಾರಕ್ಕೆ ಸಲ್ಲಿಸುವ ಗೌರವ. ಅದನ್ನು ಕೊಂಕು ಮಾತಿನಿಂದ ತಡೆಯುವ ಬದಲು ಸಾಧ್ಯವಾಗಿಸುವುದು ನಮ್ಮ, ಎಂದರೆ ಹಿರಿಯರ, ನೆಂಟರ, ಧರ್ಮಕೇಂದ್ರದ ಕರ್ತವ್ಯ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ?

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎಂಬುದು ಹಿರಿಯರ ಮೊದಲ ಆಕ್ಷೇಪಣೆ. ರೆಸಾರ್ಟುಗಳಿರಲಿಲ್ಲ ಎಂಬುದು ನಿಜ. ಆದರೆ ಮಕ್ಕಳು ತಂದೆತಾಯಿಯರನ್ನು ಬಿಟ್ಟು ಇರುತ್ತಿರಲಿಲ್ಲ ಎಂಬುದು ಮಾತ್ರ ಸುಳ್ಳು. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರೆ ಮೇ ತಿಂಗಳು ಮುಗಿಯುವವರೆಗೆ ಅಜ್ಜಿಯ ಮನೆ. ದಸರೆಗೆ ರಜೆ ಕೊಟ್ಟರೆ ಸೋದರಮಾವನ ಮನೆ. ಮಾವಿನ ಮರ, ಹಪ್ಪಳ ಸಂಡಿಗೆಯ ಕಾವಲು, ರಾತ್ರಿ ಅಂಗಳದಲ್ಲಿ ಸಾಲಾಗಿ ಹಾಸಿದ ಚಾಪೆಗಳು. ಇಂದಿಗೂ ನಮ್ಮಲ್ಲಿ ಅನೇಕರ ಬಾಲ್ಯದ ಅತಿ ಸಿಹಿಯಾದ ನೆನಪುಗಳು ತಂದೆತಾಯಿ ಜೊತೆಯಲ್ಲಿಲ್ಲದ ಆ ದಿನಗಳವೇ. ಅಂದು ಮಕ್ಕಳನ್ನು ವಾರಗಟ್ಟಲೆ ಕಳುಹಿಸಿಕೊಟ್ಟ ತಂದೆತಾಯಿಯರನ್ನು ಯಾರೂ ಕಲ್ಲೆದೆಯವರೆಂದು ಕರೆಯಲಿಲ್ಲ.

ವಾರಗಟ್ಟಲೆ ಬಿಟ್ಟಿರುವುದು ಅಪರಾಧವಲ್ಲವಾದರೆ ಎರಡು ರಾತ್ರಿ ಬಿಟ್ಟಿರುವುದು ಹೇಗೆ ಅಪರಾಧವಾದೀತು? ವ್ಯತ್ಯಾಸ ಒಂದೇ. ಅಂದು ತಂದೆತಾಯಿ ದುಡಿಮೆಗಾಗಿ ಮನೆಯಲ್ಲಿ ಉಳಿಯುತ್ತಿದ್ದರು. ಇಂದು ಒಬ್ಬರಿಗಾಗಿ ಒಬ್ಬರು ಮನೆಯಿಂದ ಹೊರಡುತ್ತಿದ್ದಾರೆ. ಹಾಗಾದರೆ ನಿಜ ಹೇಳೋಣ: ನಮ್ಮನ್ನು ಕೆಣಕುವುದು ಮಕ್ಕಳ ಅಗಲಿಕೆಯಲ್ಲ, ದಂಪತಿಯ ಸಂತೋಷ. ಮಕ್ಕಳಾದ ಮೇಲೆಯೂ ಗಂಡ ಹೆಂಡತಿ ಒಬ್ಬರ ಸಂಗದಲ್ಲೊಬ್ಬರು ನಲಿಯುವುದು ನಮಗೇಕೋ ಸಭ್ಯವಲ್ಲವೆಂದು ತೋರುತ್ತದೆ.

ಇನ್ನೊಂದು ಸಂಗತಿಯನ್ನೂ ಹಿರಿಯರು ಮರೆಯಬಾರದು. ಅವರ ಕಾಲದ ಕೂಡು ಕುಟುಂಬದಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದವು. ಇಂದು ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವುದು ನಾಲ್ಕೇ ಕೈಗಳು. ಆ ನಾಲ್ಕೂ ಒಂದೇ ಹೊತ್ತಿನಲ್ಲಿ ಮನೆಯಲ್ಲಿರುವುದು ಅಪರೂಪ. ಗಂಡ ರಾತ್ರಿ ಪಾಳಿಯ ಕಾವಲುಗಾರ, ಹೆಂಡತಿ ಹಗಲು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಅಥವಾ ಹೆಂಡತಿ ಆಸ್ಪತ್ರೆಯ ದಾದಿ, ಗಂಡ ಕಂಪನಿಯ ಉದ್ಯೋಗಿ. ಬಾಗಿಲಿನಲ್ಲಿ ಮಗುವನ್ನೂ ಬೀಗದ ಕೈಯನ್ನೂ ಒಬ್ಬರಿಂದೊಬ್ಬರು ಪಡೆದು, ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ. ಕರಾವಳಿಯ ಕುಟುಂಬಗಳ ಕಥೆ ಬೇರೆಯಾದರೂ ನೋವು ಅದೇ. ಕೊಲ್ಲಿ ರಾಷ್ಟ್ರದಿಂದ ಪತಿ ರಜೆಯ ಮೇಲೆ ಬರುತ್ತಾನೆ. ಆ ಒಂದು ತಿಂಗಳು ಸಂಬಂಧಿಕರ ಮದುವೆಗಳು, ಹಬ್ಬ, ಮನೆಯ ದುರಸ್ತಿ, ಬ್ಯಾಂಕಿನ ಕೆಲಸ, ಊರೆಲ್ಲ ಸುತ್ತಿ ಹಂಚಬೇಕಾದ ಉಡುಗೊರೆಗಳು. ವಿಮಾನ ಹತ್ತುವ ದಿನ ನೆನೆದುಕೊಂಡರೆ, ತಾವಿಬ್ಬರೇ ಕುಳಿತು ಮನಸ್ಸು ಬಿಚ್ಚಿ ಮಾತನಾಡಿದ ಒಂದು ಸಂಜೆಯೂ ಆ ದಂಪತಿಗೆ ಸಿಕ್ಕಿರುವುದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವು ಮದುವೆಯ ಮನೆಗಳಲ್ಲಿ ನಗುನಗುತ್ತಾ ಹೇಳುತ್ತೇವೆ. ಆದರೆ ಇಂದಿನ ದಂಪತಿ ಜೊತೆಯಾಗಿ ಉಣ್ಣುವುದೂ ಇಲ್ಲ, ಜೊತೆಯಾಗಿ ಮಲಗುವುದೂ ಇಲ್ಲ. ನಡುವೆ ಮಗು, ಆಚೆ ಬದಿಯಲ್ಲಿ ಮೊಬೈಲು. ಮಾತುಕತೆ ನಿಂತಿಲ್ಲ ನಿಜ: ಸಿಲಿಂಡರ್ ಬುಕ್ ಆಯಿತೇ, ಶಾಲೆಯ ಶುಲ್ಕ ಕಟ್ಟಿತೇ, ಜ್ವರದ ಔಷಧಿ ಎಷ್ಟು ಗಂಟೆಗೆ, ನಾಳೆ ವ್ಯಾನು ಬರುವಾಗ ಯಾರಿರುತ್ತಾರೆ. ಇವೆಲ್ಲ ಅಗತ್ಯವಾದ ಮಾತುಗಳೇ. ಆದರೆ ಒಂದೇ ಕಚೇರಿಯ ಇಬ್ಬರು ಗುಮಾಸ್ತರೂ ಇಷ್ಟೇ ಮಾತನಾಡಿಯಾರು. ಒಬ್ಬರ ಭಯ, ಒಬ್ಬರ ಕನಸು, ಒಬ್ಬರ ಬೇಸರ ಇನ್ನೊಬ್ಬರಿಗೆ ತಿಳಿಯದೆ ವರ್ಷಗಳು ಉರುಳುತ್ತವೆ.

ಇದು ಕೇವಲ ನಮ್ಮ ನಾಡಿನ ಅನುಭವವಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಂಪತಿ ಕ್ಯಾರೊಲಿನ್ ಮತ್ತು ಫಿಲಿಪ್ ಕೋವನ್, ಮೊದಲ ಮಗುವನ್ನು ಪಡೆದ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಮೊದಲ ಮಗು ಮನೆಗೆ ಬಂದ ಬಳಿಕ ಬಹುತೇಕ ದಂಪತಿಗಳಲ್ಲಿ ದಾಂಪತ್ಯದ ತೃಪ್ತಿ ಕುಗ್ಗುತ್ತದೆಂದೂ, ತಂದೆತಾಯಿಯ ನಡುವಣ ಸಂಬಂಧ ಕೆಟ್ಟರೆ ಅದರ ಪರಿಣಾಮ ಮಕ್ಕಳ ಮೇಲೆಯೂ ಆಗುತ್ತದೆಂದೂ ಅವರು ಕಂಡುಕೊಂಡರು. ಅಲ್ಲಿಯ ಕುಟುಂಬಗಳು ಬೇರೆ, ಇಲ್ಲಿಯವು ಬೇರೆ ಎನ್ನಬಹುದು. ಆದರೆ ರಾತ್ರಿಯೆಲ್ಲ ಅಳುವ ಹಸುಗೂಸು ಎಲ್ಲ ದೇಶಗಳಲ್ಲಿಯೂ ಒಂದೇ.

ಶ್ರೀಗ್ರಂಥದ ದಾರಿ

"ಇದು ಪಾಶ್ಚಾತ್ಯರ ಅನುಕರಣೆ" ಎಂಬುದು ಎರಡನೆಯ ಆಕ್ಷೇಪಣೆ. ದಂಪತಿಗೆ ತಮ್ಮದೇ ಆದ ಸಮಯ ಬೇಕೆಂಬ ವಿಚಾರ ಯಾವ ಪ್ರವಾಸಿ ಕಂಪನಿಯ ಜಾಹೀರಾತಿನಲ್ಲಿಯೂ ಹುಟ್ಟಿದ್ದಲ್ಲ. ಅದು ಬೈಬಲ್ಲಿನಷ್ಟೇ ಹಳೆಯದು.

ಆದಿಕಾಂಡದ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಪುರುಷನು ತಂದೆತಾಯಿಯನ್ನು ಬಿಟ್ಟು ಪತ್ನಿಯನ್ನು ಸೇರಿಕೊಳ್ಳುವನೆಂದೂ ಅವರಿಬ್ಬರೂ ಒಂದೇ ಶರೀರವಾಗುವರೆಂದೂ ಅಲ್ಲಿ ಹೇಳಲಾಗಿದೆ (ಆದಿ 2:24). ಹವ್ವಳ ಮಡಿಲಿಗೆ ಮೊದಲ ಮಗು ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಈ ಕ್ರಮ ಆಕಸ್ಮಿಕವಲ್ಲ. ಮೊದಲು ದಂಪತಿ, ಆ ಬಳಿಕ ತಂದೆತಾಯಿ. ಬುಡಕ್ಕೆ ನೀರು ಹಾಕದೆ ಹಣ್ಣನ್ನು ಮಾತ್ರ ಒರೆಸಿ ಒರೆಸಿ ಹೊಳಪು ಮಾಡುವ ತೋಟಗಾರನನ್ನು ನಾವು ಜಾಣನೆನ್ನುವುದಿಲ್ಲ.

ಧರ್ಮೋಪದೇಶಕಾಂಡ ಇನ್ನೂ ಮುಂದೆ ಹೋಗುತ್ತದೆ. ಹೊಸದಾಗಿ ಮದುವೆಯಾದವನನ್ನು ಯುದ್ಧಕ್ಕೆ ಕಳುಹಿಸಬಾರದು, ಯಾವ ಸಾರ್ವಜನಿಕ ಕೆಲಸವನ್ನೂ ಅವನ ಮೇಲೆ ಹೊರಿಸಬಾರದು; ಒಂದು ವರ್ಷ ಅವನು ಮನೆಯಲ್ಲಿದ್ದು ಪತ್ನಿಯನ್ನು ಸಂತೋಷಪಡಿಸಲಿ ಎಂಬುದು ಅಲ್ಲಿಯ ವಿಧಿ (ಧರ್ಮೋ 24:5). ದೇಶರಕ್ಷಣೆಗಿಂತಲೂ ಒಂದು ವರ್ಷದ ಮಟ್ಟಿಗೆ ಪತ್ನಿಯ ಸಂತೋಷ ದೊಡ್ಡದು! ಸಂತ ಪೌಲರೂ ಕೊರಿಂಥದ ದಂಪತಿಗಳಿಗೆ, ಪ್ರಾರ್ಥನೆಗಾಗಿ ಪರಸ್ಪರ ಒಪ್ಪಿಗೆಯಿಂದ ಕೆಲವು ಕಾಲ ದೂರವಿದ್ದರೂ ಮತ್ತೆ ಒಂದುಗೂಡಬೇಕೆಂದು ಬರೆದರು (1 ಕೊರಿಂಥ 7:5). ಪ್ರಾರ್ಥನೆಗಾಗಿ ಅಗಲುವುದಕ್ಕೂ ಪ್ರೇಷಿತರು ಮಿತಿಯನ್ನು ಹಾಕಿದ್ದಾರೆ. ನಾವು ದುಡಿಮೆಗಾಗಿ, ಸಾಲಕ್ಕಾಗಿ, ಮಕ್ಕಳ ಟ್ಯೂಷನ್ನಿಗಾಗಿ ಮಿತಿಯೇ ಇಲ್ಲದೆ ಅಗಲಿರುತ್ತೇವೆ.

ಪ್ರಭು ಯೇಸುವಿನ ಮಾತನ್ನೂ ನೆನೆಯೋಣ. ಪ್ರೇಷಿತರು ಸೇವೆಯಿಂದ ಹಿಂದಿರುಗಿದಾಗ ಜನರ ಓಡಾಟ ಎಷ್ಟಿತ್ತೆಂದರೆ ಅವರಿಗೆ ಊಟ ಮಾಡಲೂ ಬಿಡುವಿರಲಿಲ್ಲ. ಏಕಾಂತ ಸ್ಥಳಕ್ಕೆ ಹೋಗಿ ತುಸು ದಣಿವಾರಿಸಿಕೊಳ್ಳೋಣ ಎಂದು ಪ್ರಭುವೇ ಅವರನ್ನು ಕರೆದರು (ಮಾರ್ಕ 6:31). ಊಟಕ್ಕೂ ಬಿಡುವಿಲ್ಲದ ಸ್ಥಿತಿ ಏನೆಂಬುದನ್ನು ಎರಡು ವರ್ಷದ ಮಗುವಿನ ತಾಯಿಗೆ ಯಾವ ವ್ಯಾಖ್ಯಾನಕಾರನೂ ವಿವರಿಸಬೇಕಾಗಿಲ್ಲ. ಆ ಪ್ರಸಂಗದ ಮುಂದಿನ ಭಾಗವೂ ಸ್ವಾರಸ್ಯಕರ. ಜನರು ಕಾಲ್ನಡಿಗೆಯಲ್ಲಿ ಓಡಿ, ಇವರಿಗಿಂತ ಮೊದಲೇ ಆ ಸ್ಥಳವನ್ನು ತಲುಪಿದ್ದರು. ಪ್ರಭು ಅವರ ಮೇಲೆ ಮುನಿಯಲಿಲ್ಲ, ಕನಿಕರಪಟ್ಟು ಬೋಧಿಸಿದರು. ಘಟ್ಟ ಹತ್ತುವ ಮೊದಲೇ "ಮಗುವಿಗೆ ಜ್ವರ" ಎಂಬ ಫೋನು ಬಂದು ಅರ್ಧ ದಾರಿಯಿಂದ ಹಿಂದಿರುಗಿದ ದಂಪತಿಗೆ ಇದರಲ್ಲಿ ಸಾಂತ್ವನವಿದೆ. ವಿಶ್ರಾಂತಿ ಕೈತಪ್ಪಬಹುದು, ಹಾಗೆಂದು ವಿಶ್ರಾಂತಿಯ ಆಹ್ವಾನ ತಪ್ಪಾಗಿರಲಿಲ್ಲ.

ಪವಿತ್ರ ಕುಟುಂಬವನ್ನು ನಮ್ಮ ಮುಂದೆ ಆದರ್ಶವಾಗಿ ಇಡುವವರು ಲೂಕನ ಶುಭಸಂದೇಶದ ಒಂದು ವಿವರವನ್ನು ಗಮನಿಸಿದಂತಿಲ್ಲ. ಪಾಸ್ಖ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹಿಂದಿರುಗುವಾಗ ಮಾತೆ ಮರಿಯಳೂ ಸಂತ ಜೋಸೆಫರೂ ಬಾಲಕ ಯೇಸು ಯಾತ್ರಿಕರ ಗುಂಪಿನಲ್ಲಿರುವನೆಂದು ಭಾವಿಸಿ ಒಂದು ದಿನದ ಪಯಣವನ್ನೇ ಮುಗಿಸಿದರು. ಆಮೇಲಷ್ಟೇ ನೆಂಟರಿಷ್ಟರಲ್ಲಿ ಹುಡುಕತೊಡಗಿದರು (ಲೂಕ 2:44). ಒಂದು ಇಡೀ ದಿನ! "ನೋಡಿ, ಅದಕ್ಕೇ ಮಗು ತಪ್ಪಿಸಿಕೊಂಡಿತು" ಎಂದು ಯಾರಾದರೂ ವಾದಿಸಬಹುದು. ಆದರೆ ಹನ್ನೆರಡರ ಆ ಬಾಲಕ ನೆಂಟರ ಅಜಾಗರೂಕತೆಯಿಂದ ತಪ್ಪಿಸಿಕೊಂಡವನಲ್ಲ; ತಾನಾಗಿಯೇ ದೇವಾಲಯದಲ್ಲಿ ಉಳಿದವನು. ನಾವು ಕಲಿಯಬೇಕಾದುದು ಬೇರೆ. ನಜರೇತಿನ ಆ ಮನೆ ನಾಲ್ಕು ಗೋಡೆಗಳೊಳಗೆ ಮುಚ್ಚಿಕೊಂಡ ಮನೆಯಾಗಿರಲಿಲ್ಲ. ತಮ್ಮ ಮಗ ನೆಂಟರ, ನೆರೆಯವರ ಕೈಯಲ್ಲಿ ಸುರಕ್ಷಿತನೆಂದು ಇಡೀ ದಿನ ನಿಶ್ಚಿಂತೆಯಿಂದ ನಡೆಯಬಲ್ಲ ನಂಬಿಕೆ ಅವರಿಗಿತ್ತು. ಅಂಥ ನೆಂಟರೂ ನೆರೆಯವರೂ ಇಂದಿನ ದಂಪತಿಗಳಿಗೆ ಇದ್ದಾರೆಯೇ?

ಧರ್ಮಸಭೆಯ ಮನಸ್ಸು

ಮಕ್ಕಳಿಗಾಗಿಯೇ ಮದುವೆ ಎಂಬ ಭಾವನೆಗೆ ಒಂದು ಹಿನ್ನೆಲೆಯಿದೆ ಎಂಬುದನ್ನು ಒಪ್ಪಬೇಕು. ಸಂತಾನವನ್ನು ಪಡೆದು ಬೆಳೆಸುವುದೇ ವಿವಾಹದ ಪ್ರಧಾನ ಉದ್ದೇಶ, ದಂಪತಿಗಳ ಪರಸ್ಪರ ನೆರವು ಅದಕ್ಕೆ ಎರಡನೆಯದು ಎಂದು ಧರ್ಮಸಭೆಯ 1917ರ ಕಾನೂನು ಸಂಹಿತೆ ವಿಂಗಡಿಸಿತ್ತು. ನಮ್ಮ ಅಜ್ಜ ಅಜ್ಜಿಯರು ಕಲಿತದ್ದು ಆ ಪಾಠವನ್ನು. ಆದರೆ 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತ ಸಂವಿಧಾನವು, ಮಕ್ಕಳು ವಿವಾಹದ ಶ್ರೇಷ್ಠ ವರದಾನವೆಂದು ಸಾರುತ್ತಲೇ, ವಿವಾಹವು ಕೇವಲ ಸಂತಾನಕ್ಕಾಗಿ ಸ್ಥಾಪಿತವಾದುದಲ್ಲವೆಂದು ಸ್ಪಷ್ಟಪಡಿಸಿತು. 1983ರ ಹೊಸ ಸಂಹಿತೆಯ 1055ನೆಯ ವಿಧಿ ಹಳೆಯ ಮೇಲು ಕೀಳುಗಳ ವಿಂಗಡಣೆಯನ್ನು ಕೈಬಿಟ್ಟು, ದಂಪತಿಗಳ ಒಳಿತನ್ನೂ ಮಕ್ಕಳ ಜನನ ಮತ್ತು ಶಿಕ್ಷಣವನ್ನೂ ಜೊತೆಜೊತೆಯಾಗಿ ಇರಿಸಿತು. ಕಾನೂನು ಬದಲಾಗಿ ದಶಕಗಳೇ ಸಂದಿವೆ. ನಮ್ಮ ಅಂಗಳದ ಮಾತು ಮಾತ್ರ ಇನ್ನೂ ಹಳೆಯ ಸಂಹಿತೆಯದು.

2025ರ ಏಪ್ರಿಲ್‌ನಲ್ಲಿ ಪ್ರಭುವಿನಲ್ಲಿ ವಿಶ್ರಾಂತಿ ಪಡೆದ ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಪ್ರೀತಿಯ ಆನಂದವನ್ನು ಕುರಿತು ಬರೆದ 'ಅಮೋರಿಸ್ ಲೆತಿತ್ಸಿಯಾ' ಎಂಬ ಪ್ರೇಷಿತ ಪ್ರಬೋಧನೆಯಲ್ಲಿ, ಪ್ರೀತಿಗೆ ಸಮಯವೂ ಅವಕಾಶವೂ ಬೇಕೆಂದು ದಂಪತಿಗಳಿಗೆ ನೆನಪಿಸಿದರು. ಮುಂಜಾನೆಯ ಮುತ್ತು, ಸಂಜೆಯ ಆಶೀರ್ವಾದ, ಮನೆಗೆಲಸದಲ್ಲಿ ಹಂಚಿಕೆ ಇವುಗಳ ಸಾಲಿನಲ್ಲಿಯೇ ಅವರು ದಂಪತಿ ಜೊತೆಯಾಗಿ ಪ್ರವಾಸ ಹೋಗುವುದನ್ನೂ ಸೇರಿಸಿದ್ದಾರೆ. ರೋಮಿನ ಹಿರಿಯ ಗುರುವಿಗೆ ಅರ್ಥವಾದದ್ದು ನಮ್ಮ ಬೀದಿಯ ಹಿರಿಯರಿಗೆ ಅರ್ಥವಾಗದೇ?

ಇದಕ್ಕಿಂತಲೂ ಹಳೆಯ ಸಾಕ್ಷ್ಯಗಳಿವೆ. ಫ್ರಾನ್ಸಿನ ಗುರು ಆನ್ರಿ ಕಫಾರೆಲ್ ಎಂಬವರು 1939ರಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕು ಯುವ ದಂಪತಿಗಳೊಡನೆ ಆರಂಭಿಸಿದ ಕೂಟವೇ ಮಾತೆ ಮರಿಯಳ ಹೆಸರಿನ ದಂಪತಿ ತಂಡಗಳಾಗಿ ಜಗತ್ತಿನಾದ್ಯಂತ ಹರಡಿತು. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಪ್ರಭುವಿನ ಸಾಮತಿಯನ್ನು (ಲೂಕ 14:28) ಆಧರಿಸಿ, 'ಕುಳಿತುಕೊಳ್ಳುವ ಕರ್ತವ್ಯ' ಎಂಬುದೊಂದನ್ನು ಅವರು 1945ರಲ್ಲಿ ದಂಪತಿಗಳ ಮುಂದಿಟ್ಟರು. ತಿಂಗಳಿಗೊಮ್ಮೆ ಪತಿಪತ್ನಿಯರು ಎಲ್ಲ ಕೆಲಸಗಳನ್ನೂ ಬದಿಗಿರಿಸಿ, ದೇವರ ಸಮ್ಮುಖದಲ್ಲಿ ಎದುರುಬದುರಾಗಿ ಕುಳಿತು ತಮ್ಮ ಬಾಳನ್ನು ಕುರಿತು ಮಾತನಾಡಬೇಕು. ಅವರು ಇದಕ್ಕೆ ಸುಖವೆಂದು ಹೆಸರಿಡಲಿಲ್ಲ, ಕರ್ತವ್ಯವೆಂದರು.

ಸ್ಪೇನಿನ ಗುರು ಗೇಬ್ರಿಯಲ್ ಕಾಲ್ವೊ 1962ರಲ್ಲಿ ಬಾರ್ಸಿಲೋನಾದಲ್ಲಿ 28 ದಂಪತಿಗಳಿಗಾಗಿ ನಡೆಸಿದ ವಾರಾಂತ್ಯದ ಶಿಬಿರದಿಂದ 'ಮ್ಯಾರೇಜ್ ಎನ್‌ಕೌಂಟರ್' ಚಳವಳಿ ಬೆಳೆಯಿತು. ನಮ್ಮ ದೇಶದಲ್ಲಿಯೂ ದಶಕಗಳಿಂದ ಈ ಶಿಬಿರಗಳು ನಡೆಯುತ್ತ ಬಂದಿವೆ. ಶುಕ್ರವಾರ ಸಂಜೆ ಮನೆ ಬಿಟ್ಟರೆ ಭಾನುವಾರವೇ ಮರಳುವುದು. ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಗಮನಿಸಿ: ಪತಿಪತ್ನಿಯರು ಮಕ್ಕಳನ್ನು ಬೇರೆಯವರಿಗೆ ಒಪ್ಪಿಸಿ ಎರಡು ರಾತ್ರಿ ಹೊರಗಿರಲಿ ಎಂದು ಆಹ್ವಾನಿಸುತ್ತಿರುವುದು ಧರ್ಮಸಭೆಯ ಮಡಿಲಲ್ಲಿ ಬೆಳೆದ ಚಳವಳಿಯೇ. ಧ್ಯಾನಕೇಂದ್ರದ ಸಭಾಂಗಣದಲ್ಲಿ ಕಳೆದ ಎರಡು ದಿನ ಪುಣ್ಯವೂ ಕಾಫಿ ತೋಟದ ನಡುವೆ ಕಳೆದ ಎರಡು ದಿನ ಪಾಪವೂ ಹೇಗಾದಾವು? ಶಿಬಿರದಲ್ಲಿ ಪ್ರಾರ್ಥನೆಯಿರುತ್ತದೆ ಎನ್ನುವಿರಾ? ತೋಟದಲ್ಲಿಯೂ ಪ್ರಾರ್ಥಿಸಬಹುದು. ಮದುವೆಯ ರಾತ್ರಿ ಹಾಸಿಗೆಯಿಂದೆದ್ದು ಪತ್ನಿಯೊಡನೆ ಪ್ರಾರ್ಥಿಸಿದ ತೊಬಿಯನ ಮುಂದೆ ಬಲಿಪೀಠವಾಗಲಿ ಮೇಣದ ಬತ್ತಿಯಾಗಲಿ ಇರಲಿಲ್ಲ.

ತ್ಯಾಗದ ಹೆಸರಿನಲ್ಲಿ

"ಮಕ್ಕಳಿಗಾಗಿ ತಂದೆತಾಯಿ ಎಲ್ಲವನ್ನೂ ತ್ಯಾಗ ಮಾಡಬೇಕು" ಎಂಬುದು ಮೂರನೆಯ ಹಾಗೂ ಅತ್ಯಂತ ಬಲವಾದ ಆಕ್ಷೇಪಣೆ. ಶಿಲುಬೆಯನ್ನು ಪೂಜಿಸುವ ನಾವು ತ್ಯಾಗವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ತ್ಯಾಗ ಮಾಡಬೇಕಾದುದು ನಮ್ಮ ಸ್ವಾರ್ಥವನ್ನು, ನಮ್ಮ ಸಂಗಾತಿಯನ್ನಲ್ಲ. ವಿವಾಹದ ವಿಧಿಯನ್ನು ನೆನಪಿಸಿಕೊಳ್ಳಿ. ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸುವಿರಾ ಎಂದು ಗುರುಗಳು ಕೇಳುತ್ತಾರೆ, ನೀವು ಒಪ್ಪುತ್ತೀರಿ. ಆ ಬಳಿಕ ಕೈ ಕೈ ಹಿಡಿದು ವಚನ ಕೊಡುವಾಗ ನೀವು ನೋಡುವುದು ಒಬ್ಬರ ಮುಖವನ್ನೊಬ್ಬರು. ಸುಖದಲ್ಲಿಯೂ ದುಃಖದಲ್ಲಿಯೂ ಪ್ರೀತಿಸಿ ಗೌರವಿಸುವೆನೆಂಬ ಆ ವಚನಕ್ಕೆ, ಮಕ್ಕಳು ಹುಟ್ಟುವವರೆಗೆ ಮಾತ್ರ ಎಂಬ ಷರತ್ತೇನೂ ಇರಲಿಲ್ಲ.

ಈ ತಪ್ಪು ತ್ಯಾಗದ ಬೆಲೆ ತಿಳಿಯುವುದು ಇಪ್ಪತ್ತು ವರ್ಷಗಳ ಬಳಿಕ. ಮಗ ಕೆನಡಾಕ್ಕೆ, ಮಗಳು ಗಂಡನ ಮನೆಗೆ. ಇಷ್ಟು ಕಾಲ ಮಕ್ಕಳ ಮೂಲಕವೇ ಮಾತನಾಡುತ್ತಿದ್ದ ಇಬ್ಬರು, "ಅಪ್ಪನಿಗೆ ಊಟಕ್ಕೆ ಬರಲು ಹೇಳು", "ಅಮ್ಮನಿಗೆ ಹೊರಡಲು ಹೇಳು" ಎನ್ನುತ್ತಿದ್ದ ಇಬ್ಬರು, ಈಗ ದೊಡ್ಡ ಮನೆಯಲ್ಲಿ ಟಿವಿಯ ಎದುರು ಅಪರಿಚಿತರಂತೆ ಕುಳಿತಿರುತ್ತಾರೆ. ಅವರು ಜಗಳವಾಡುವುದಿಲ್ಲ, ಬೇರೆಯಾಗುವುದಿಲ್ಲ. ಊರಿನವರ ಕಣ್ಣಿಗೆ ಅದು ಆದರ್ಶ ಕುಟುಂಬ. ಆದರೆ ಆ ಮೌನದಲ್ಲಿ ಒಂದು ಸಂಸ್ಕಾರ ಸದ್ದಿಲ್ಲದೆ ಒಣಗಿಹೋಗಿರುತ್ತದೆ. "ಮಕ್ಕಳಿಗೋಸ್ಕರ ಒಟ್ಟಿಗಿದ್ದೇವೆ" ಎಂಬ ಮಾತನ್ನು ನಾವು ಮೆಚ್ಚುಗೆಯಿಂದ ಕೇಳುತ್ತೇವೆ. ಅದನ್ನು ಕೇಳಿಸಿಕೊಂಡು ಬೆಳೆಯುವ ಮಗುವಿನ ಎದೆಯ ಭಾರವನ್ನು ಯೋಚಿಸಿದ್ದೇವೆಯೇ? ತಂದೆತಾಯಿಯನ್ನು ಜೋಡಿಸಿಡುವ ಅಂಟಾಗುವುದು ಮಗುವಿನ ಕೆಲಸವಲ್ಲ. ಅಪ್ಪ ಅಮ್ಮ ಒಬ್ಬರನ್ನೊಬ್ಬರು ಕಂಡು ಮುಖ ಅರಳಿಸುವುದನ್ನು ನೋಡುತ್ತಾ ಬೆಳೆಯುವುದು ಅದರ ಹಕ್ಕು. ಅದು ಕಲಿಯುವ ಮೊದಲ ಧರ್ಮೋಪದೇಶವೂ ಅದೇ.

ಒಪ್ಪಬೇಕಾದ ಮಾತುಗಳು

ಇಷ್ಟು ಹೇಳಿದ ಮೇಲೆ, ವಿರೋಧಿಸುವವರ ಮಾತಿನಲ್ಲಿ ಸತ್ಯವಿರುವೆಡೆ ಅದನ್ನು ಒಪ್ಪುವುದು ನ್ಯಾಯ.

ಮೊದಲನೆಯದು ಮಗುವಿನ ವಯಸ್ಸು. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಕಾಲದಲ್ಲಿ ಪ್ರವಾಸದ ಮಾತೇ ಬೇಡ. ಎಂಟು ಹತ್ತು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ತಾಯಿ ಕಣ್ಮರೆಯಾದರೆ ಮಗು ಕಂಗಾಲಾಗುವುದು ಸಹಜ. ಆ ವಯಸ್ಸಿನಲ್ಲಿ ಒಂದು ಸಂಜೆಯ ಬಿಡುವು ಸಾಕು. ಮುಂದೆ ಒಂದು ರಾತ್ರಿ, ಆಮೇಲೆ ಎರಡು. ಮಗು ಮೊದಲೇ ಚೆನ್ನಾಗಿ ಬಲ್ಲವರ ಬಳಿಯೇ ಬಿಡಬೇಕು. ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಯ ಕೈಗಲ್ಲ. ಸಾಧ್ಯವಾದರೆ ಅಜ್ಜಿಯೇ ಮಗುವಿನ ಮನೆಗೆ ಬರಲಿ. ಅದೇ ಹಾಸಿಗೆ, ಅದೇ ತಟ್ಟೆ ಲೋಟ ಕಣ್ಣಮುಂದಿದ್ದರೆ ಮಗುವಿಗೆ ಅರ್ಧ ಧೈರ್ಯ. ವೈದ್ಯರ ದೂರವಾಣಿ ಸಂಖ್ಯೆ, ಔಷಧಿಯ ಪ್ರಮಾಣ ಬರೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಮಲಗಿರುವಾಗ ಕಳ್ಳರಂತೆ ಹೊರಡಬೇಡಿ. ಹೇಳಿ ಹೋಗಿ, ಹೇಳಿದ ಹೊತ್ತಿಗೆ ಹಿಂದಿರುಗಿ. ಹೋದವರು ಬರುತ್ತಾರೆಂಬ ನಂಬಿಕೆಯೂ ಮಗು ಕಲಿಯಬೇಕಾದ ಪಾಠವೇ.

ಎರಡನೆಯದು ಅಜ್ಜಿಯ ಬೆನ್ನು. ಅರವತ್ತು ದಾಟಿದ, ಮಂಡಿನೋವಿನ ಹೆಂಗಸಿನ ಮೇಲೆ ಎರಡು ತುಂಟ ಮಕ್ಕಳನ್ನು ಹೇರಿ, "ಅಮ್ಮ ನೋಡಿಕೊಳ್ಳುತ್ತಾರೆ" ಎಂದು ಹೊರಟುಬಿಡುವುದು ಪ್ರೀತಿಯಲ್ಲ, ದಬ್ಬಾಳಿಕೆ. ಕೇಳಿಕೊಳ್ಳಿ, ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಅವರಿಗೆ ಬಿಡಿ. ದಿನವೂ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಜ್ಜ ಅಜ್ಜಿಯರಿಗೂ ಎರಡು ದಿನದ ಬಿಡುವು ಬೇಕೆಂಬುದು ನೆನಪಿರಲಿ. ಈ ಬಾರಿ ಅವರು ನಿಮ್ಮ ಮಕ್ಕಳನ್ನು ನೋಡಿಕೊಂಡರೆ ಮುಂದಿನ ಬಾರಿ ಅವರಿಬ್ಬರನ್ನು ಕಾರ್ಕಳದ ಅತ್ತೂರಿಗೋ ವೇಳಾಂಗಣಿಗೋ ಕಳುಹಿಸುವ ಸರದಿ ನಿಮ್ಮದಾಗಲಿ.

ಮೂರನೆಯದು ಹಣ. "ಇದು ದುಡ್ಡಿದ್ದವರ ಖಯಾಲಿ" ಎಂಬ ಮಾತು ರೆಸಾರ್ಟಿನ ಬಿಲ್ಲಿನ ಮಟ್ಟಿಗೆ ನಿಜ. ಸಾಲ ಮಾಡಿ ಹೋಗುವ ಪ್ರವಾಸ ದಾಂಪತ್ಯಕ್ಕೆ ಇನ್ನೊಂದು ಜಗಳವನ್ನಷ್ಟೇ ತಂದೀತು. ಆದರೆ ಬಿಡುವಿಗೆ ಬೇಕಾದುದು ಈಜುಕೊಳವಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಗಂಡನೊಬ್ಬನ ಟಿಕೆಟ್ಟು, ಬುತ್ತಿಯಲ್ಲಿ ಚಿತ್ರಾನ್ನ. ಬೆಳಗಿನ ಬಸ್ಸು ಹತ್ತಿ ನಂದಿ ಬೆಟ್ಟಕ್ಕೆ ಹೋಗಿ ಸಂಜೆಗೆ ಮರಳಬಹುದು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಹಳೆಯ ಚರ್ಚಿನ ಅವಶೇಷದ ಎದುರು ಕುಳಿತು, ಎಷ್ಟು ಮಳೆಗಾಲದ ನೀರು ಏರಿಳಿದರೂ ಉಳಿದ ಆ ಗೋಡೆಗಳನ್ನು ನೋಡುತ್ತಾ ತಮ್ಮ ಬಾಳಿನ ಬಗ್ಗೆ ಮಾತನಾಡಬಹುದು. ಅದಕ್ಕೂ ಆಗದಿದ್ದರೆ, ಮಕ್ಕಳನ್ನು ಅಕ್ಕನ ಮನೆಗೆ ಕಳುಹಿಸಿ ತಮ್ಮದೇ ಮನೆಯಲ್ಲಿ ಒಂದು ದಿನ ನಿಧಾನವಾಗಿ ಅಡುಗೆ ಮಾಡಿ ಜೊತೆಯಾಗಿ ಉಣ್ಣುವುದೂ ಪ್ರವಾಸವೇ.

ದಂಪತಿಗಳಿಗೂ ಎರಡು ಕಟು ಮಾತು ಅಗತ್ಯ. ಎರಡು ದಿನವೂ ಫೋಟೋ ತೆಗೆದು ಊರಿಗೆಲ್ಲ ಹಂಚುವುದಾದರೆ ನೀವು ಹೋದದ್ದು ಒಬ್ಬರಿಗಾಗಿ ಒಬ್ಬರಲ್ಲ, ನೋಡುಗರಿಗಾಗಿ. ಭಾನುವಾರ ಹೊರಗಿದ್ದರೆ ಅಲ್ಲಿಯ ದೇವಾಲಯದ ಬಲಿಪೂಜೆಯ ಸಮಯ ವಿಚಾರಿಸಿಕೊಳ್ಳಿ, ಕೊಡಗಿನಲ್ಲಿಯೂ ಕ್ರಿಸ್ತನಿದ್ದಾನೆ. ಇನ್ನು, ಕುಡಿತ ಅಥವಾ ಹೊಡೆತ ಇರುವ ಮನೆಗೆ ಪ್ರವಾಸ ಮದ್ದಲ್ಲ. ಅಂಥಲ್ಲಿ ಮೊದಲು ಬೇಕಾದುದು ರಕ್ಷಣೆ ಮತ್ತು ಆಪ್ತಸಲಹೆ. ಹಿಂಸೆಯನ್ನು ಸಹಿಸಿಕೊಂಡು ಬೆಟ್ಟ ಹತ್ತೆಂದು ಯಾವ ಹೆಣ್ಣುಮಗಳಿಗೂ ಈ ಲೇಖನ ಹೇಳುತ್ತಿಲ್ಲ.

ನಾವೇನು ಮಾಡಬಹುದು?

ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಜ್ಞಾನತಂದೆ, ಜ್ಞಾನತಾಯಿಯರು ಎಲ್ಲಿದ್ದಾರೆ? ಒಂದು ಚಿನ್ನದ ಸರ, ಹುಟ್ಟುಹಬ್ಬದ ಒಂದು ಅಂಗಿಯೊಂದಿಗೆ ಅವರ ಹೊಣೆ ಮುಗಿಯಿತೇ? ಹೆತ್ತವರಿಗೆ ನೆರವಾಗುತ್ತೇವೆಂದು ಆ ದಿನ ದೇವರ ಮುಂದೆ ಒಪ್ಪಿಕೊಂಡವರು ಅವರು. ವರ್ಷಕ್ಕೆ ಎರಡು ರಾತ್ರಿ ಮಗುವನ್ನು ತಮ್ಮ ಮನೆಯಲ್ಲಿರಿಸಿಕೊಂಡು, ಮಲಗುವ ಮುನ್ನ ಶಿಲುಬೆಯ ಗುರುತು ಹಾಕಲು ಕಲಿಸಿ ಕಳುಹಿಸಿದರೆ, ಆ ಸರಕ್ಕಿಂತ ಬೆಲೆಬಾಳುವ ಉಡುಗೊರೆ ಬೇರೊಂದಿಲ್ಲ.

ಕಿರು ಕ್ರೈಸ್ತ ಸಮುದಾಯಗಳಲ್ಲಿ ನಾವು ಜಪಸರ ಪ್ರಾರ್ಥಿಸುತ್ತೇವೆ, ಬೈಬಲ್ ಹಂಚಿಕೊಳ್ಳುತ್ತೇವೆ. ಮಕ್ಕಳನ್ನು ಹಂಚಿಕೊಂಡು ನೋಡಿಕೊಳ್ಳುವುದನ್ನೂ ಏಕೆ ಆರಂಭಿಸಬಾರದು? ಒಂದು ಗುಂಪಿನ ನಾಲ್ಕು ಕುಟುಂಬಗಳು, ಬಹುಕಾಲದಿಂದ ಒಬ್ಬರನ್ನೊಬ್ಬರು ಬಲ್ಲವರು, ಸರದಿಯ ಮೇಲೆ ಒಬ್ಬರ ಮಕ್ಕಳನ್ನೊಬ್ಬರು ಒಂದು ದಿನ ನೋಡಿಕೊಂಡರೆ ಅಜ್ಜಿಯಿಲ್ಲದ ಮನೆಗೂ ಬಿಡುವು ದೊರಕುತ್ತದೆ. ಗಂಡನನ್ನು ಕಳೆದುಕೊಂಡ ತಾಯಿಯ, ಪತಿ ಪರದೇಶದಲ್ಲಿರುವ ಹೆಂಗಸಿನ ಮಕ್ಕಳು ಈ ಸರದಿಯಲ್ಲಿ ಮೊದಲಿಗರಾಗಲಿ. ಜೊತೆಗಾರನಿಲ್ಲದವರಿಗೆ ಬಿಡುವಿನ ಅಗತ್ಯ ಇನ್ನೂ ಹೆಚ್ಚು. ಕ್ರಿಸ್ತಜಯಂತಿಯ ಬೆನ್ನಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಆ ದಿನ ನಾವು ದಂಪತಿಗಳನ್ನು ಬಲಿಪೀಠದ ಮುಂದೆ ನಿಲ್ಲಿಸಿ ವಚನಗಳನ್ನು ಮರುನುಡಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಕೇಕು ಹಂಚುತ್ತೇವೆ. ಈ ವರ್ಷ ಚಪ್ಪಾಳೆಯ ಜೊತೆಗೆ, ಮಕ್ಕಳನ್ನು ನೋಡಿಕೊಳ್ಳಲು ಸಿದ್ಧರಿರುವ ಕುಟುಂಬಗಳ ಹೆಸರುಗಳನ್ನೂ ವಿಚಾರಣಾ ಗುರುಗಳಿಗೆ ಬರೆದುಕೊಡೋಣ.

ಆತ್ಮೀಯ ಓದುಗರೇ, ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ದಣಿದ ಒಂದು ದಂಪತಿ ಖಂಡಿತ ಇದ್ದಾರೆ. ಅವರು ಬಾಯಿ ಬಿಟ್ಟು ಕೇಳಲಾರರು. ನಾವೇ ಅವರ ಬಾಯಿ ಕಟ್ಟಿದ್ದೇವೆ. ಆದ್ದರಿಂದ ಮಾತು ನಿಮ್ಮಿಂದಲೇ ಆರಂಭವಾಗಲಿ. "ಮುಂದಿನ ಶನಿವಾರ ಮಕ್ಕಳು ನಮ್ಮಲ್ಲಿರಲಿ, ನೀವಿಬ್ಬರೂ ಹೋಗಿ ಬನ್ನಿ" ಎಂದು ಹೇಳಿ. ಅವರು ಬೇಡವೆನ್ನುತ್ತಾರೆ. ಇನ್ನೊಮ್ಮೆ ಹೇಳಿ.